ದಿವಾಣಿ ದಾವೆಯಲ್ಲಿ ಸಾಕ್ಷಿ ಸಮನ್ಸು

ಸದಸ್ಯ ಬಾಂಧವರು ಕೋರ್ಟಿನ ಕಾಗದ ಎಂದೊಡನೆ ಗಾಬರಿಪಡುವುದನ್ನು ನಾವು ಬಲ್ಲೆವು. ಆದರೆ ಸಮನ್ಸು ಬೆಳೆಗಾರನ ಕೈಗೂ ಒದಗುವ ಸಾಧನ.

ಆಲಮಟ್ಟಿ ಹಿನ್ನೀರಿಗೆ ಬೀಳಗಿ, ಜಮಖಂಡಿ, ಮುಧೋಳ ಸೀಮೆಯ ರೈತರ ಜಮೀನು ಹೋದವು. ಪರಿಹಾರ ಸಾಲದೆಂದವರು 1894ರ ಭೂಸ್ವಾಧೀನ ಕಾಯಿದೆಯ 18ನೇ ಕಲಮಿನಂತೆ ದಿವಾಣಿ ಕೋರ್ಟಿಗೆ ಹೋದರು. ಅಲ್ಲಿ ನಡೆಯುವುದು ಕಣ್ಣೀರಲ್ಲ, ಪುರಾವೆ. ಕಬ್ಬಿನ ತೂಕ ಕಾರ್ಖಾನೆಯ ಪುಸ್ತಕದಲ್ಲಿ, ನೆರೆಯ ಹೊಲದ ಖರೀದಿ ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ನಾಳೆ ರಸ್ತೆಗೋ ಕೆರೆಗೋ ತೋಟ ಹೋದರೆ ಅಡಿಕೆ, ಕಾಫಿ ಬೆಳೆಗಾರನ ಉತ್ಪನ್ನದ ಲೆಕ್ಕವೂ ಸಂಘದ ಖಾತೆಯಲ್ಲೇ ಇರುತ್ತದೆ. (2014ರ ಜನವರಿ 1ರಿಂದ ಜಾರಿಯಾದ ಹೊಸ ಕಾಯಿದೆಯಲ್ಲಿ ಇಂಥ ತಕರಾರು ಪ್ರಾಧಿಕಾರದ ಮುಂದೆ ಹೋಗುತ್ತದೆ; ಸಮನ್ಸು ಕಳಿಸುವ ಅಧಿಕಾರ ಅದಕ್ಕೂ ಉಂಟು.)

ಬೇರೆಯವರ ಕೈಯಲ್ಲಿರುವ ಕಾಗದ ತರಿಸುವ ಕ್ರಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಆದೇಶದಲ್ಲಿದೆ. ರಬಕವಿ-ಬನಹಟ್ಟಿಯ ನೇಕಾರನ ನೂಲಿನ ಬಾಕಿ ದಾವೆಗೂ ಅದೇ ಕ್ರಮ. ವಿವಾದಾಂಶ ನಿಗದಿಯಾದ 15 ದಿನದೊಳಗೆ ಸಾಕ್ಷಿಗಳ ಪಟ್ಟಿ ಕೊಡಬೇಕು. ಸಾಕ್ಷಿಯ ಪ್ರಯಾಣ ಭತ್ತೆಯನ್ನು ಮುಂಗಡ ಕಟ್ಟಬೇಕು. ನಮ್ಮವರು ಎಡವುವುದು ಬೇರೆ ಕಡೆ. "ಸಂಘದ ಪುಸ್ತಕಗಳು" ಎಂದು ಬರೆದರೆ ಸಾಲದು. ಯಾವ ಸಾಲು, ಯಾರ ಖಾತೆ, ಯಾವ ರಿಜಿಸ್ಟರು ಎಂಬುದು ಅರ್ಜಿಯಲ್ಲಿ ಸ್ಪಷ್ಟವಿರಬೇಕು. ಹೆಚ್ಚಿನ ಸಲ ಮೂಲ ಪುಸ್ತಕವೇ ಬೇಕಿಲ್ಲ: ಪಹಣಿಯಂಥ ಸರಕಾರಿ ದಾಖಲೆಗೆ ದೃಢೀಕೃತ ನಕಲು ನಡೆಯುತ್ತದೆ. ಸಂಘದ ಪುಸ್ತಕದ ನಮೂದಿಗೂ ನಿಯಮದಂತೆ ದೃಢೀಕರಿಸಿದ ನಕಲನ್ನು ಸಹಕಾರ ಕಾಯಿದೆ ಪುರಾವೆಯೆಂದು ಒಪ್ಪುತ್ತದೆ. ಮೊದಲು ನಕಲಿಗೆ ಅರ್ಜಿ ಹಾಕಿರಿ, ಸಮನ್ಸಿನ ಮಾತು ಆಮೇಲೆ.

ಸಮನ್ಸು ನಿಮಗೇ ಬಂದರೆ ಅದನ್ನು ಪೂರ್ತಿ ಓದಿರಿ. ಬರೇ ಕಾಗದ ಕೇಳಿದ್ದರೆ ನೀವೇ ಹೋಗಬೇಕಿಲ್ಲ, ಬೇರೆಯವರ ಕೈಲಿ ಹಾಜರುಪಡಿಸಬಹುದು. ಹೇಳಿಕೆಗೆ ಕರೆದಿದ್ದರೆ ಹೋಗಲೇಬೇಕು. ದೂರದ ನೆಪ ಸುಲಭಕ್ಕೆ ನಡೆಯದು: ಕೋರ್ಟಿನ ಸರಹದ್ದಿನ ಹೊರಗಿದ್ದರೂ 100 ಕಿಲೋಮೀಟರಿನೊಳಗಿನ ಸಾಕ್ಷಿಯನ್ನು ಕರೆಯಬಹುದು, ದಾರಿಯ ಆರರಲ್ಲಿ ಐದು ಪಾಲಿಗೆ ಸಾರ್ವಜನಿಕ ವಾಹನವಿದ್ದರೆ 500ರೊಳಗೂ ಕರೆಯಬಹುದು. ಶಿರಸಿಯ ಸದಸ್ಯನನ್ನು ಜಮಖಂಡಿ ಕೋರ್ಟು ಕರೆದರೆ ಬಸ್ಸು ಹತ್ತುವುದೇ ಸೈ. ಕಾಯಿಲೆಯಿದ್ದರೆ ಕಮಿಷನರನ ಮೂಲಕ ಹೇಳಿಕೆ ಪಡೆಯಲು ಕೇಳಿಕೊಳ್ಳಬಹುದು. ಸಕಾರಣವಿಲ್ಲದೆ ತಪ್ಪಿಸಿಕೊಂಡವನ ಮೇಲೆ ವಾರಂಟು, ಆಸ್ತಿ ಜಪ್ತಿ, 32ನೇ ಕಲಮಿನಂತೆ 5,000 ರೂಪಾಯಿವರೆಗೆ ದಂಡ ಉಂಟು.