ನಂಬಿಕೆ ಸೀರೆಯ ಮೇಲೋ, ತೋರಿಸಿದವರ ಮೇಲೋ?

ಕಂಬೈನಲ್ಲೂರಿನ ಕನ್ನಡ ಮನೆಗಳಿಗೂ ಈಗ ಸೀರೆಯಂಗಡಿ ವಾಟ್ಸ್‌ಆ್ಯಪ್ ಗುಂಪಿನ ಮೂಲಕವೇ ಬರುತ್ತಿದೆ. ಇಳಂಪಿಳ್ಳೈ ಸೀರೆಯ ಚಿತ್ರವನ್ನು ಬಂಧುವೊಬ್ಬರು ಕಳುಹಿಸಿದರೆ, ಇಲ್ಲವೇ ವಿಡಿಯೋದಲ್ಲಿ ಕನ್ನಡದ ಮಾತು ಕೇಳಿಸಿದರೆ, ಬಟ್ಟೆಯನ್ನು ಮುಟ್ಟಿ ನೋಡದೆಯೇ ಒಪ್ಪಿಬಿಡುತ್ತೇವೆ. ಅಗ್ಗದ ಬೆಲೆಗಿಂತ ಈ ಆತ್ಮೀಯತೆಯೇ ನಮ್ಮನ್ನು ಹೆಚ್ಚು ಸೆಳೆಯುತ್ತದೆಂದು ನಾವು ಭಾವಿಸುತ್ತೇವೆ. ನೆರೆಯ ಸೇಲಂ ಜಿಲ್ಲೆಯಲ್ಲಿ ನೇಯ್ದ ಸೀರೆಯನ್ನು ದೂರದ ಬೆಂಗಳೂರಿನ ದನಿ ಮಾರಿದರೂ ನಮಗದು ಮನೆಯ ಮಾತೇ! ‘ಎರಡೇ ಉಳಿದಿವೆ’ ಎಂಬ ಅವಸರವೂ ಕೆಳಗಿನ ಹೊಗಳಿಕೆಗಳೂ ಉಳಿದ ಕೆಲಸವನ್ನು ಮುಗಿಸುತ್ತವೆ.

ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ಸೂಚಿಸಿದೆ. ಆ ಸೂಚನೆ ವಿಡಿಯೋದಲ್ಲಿದೆಯೇ ಎಂದು ಮಕ್ಕಳಿಂದಲೇ ಹುಡುಕಿಸಿರಿ. ಹಣ ಕಳುಹಿಸುವ ಮುನ್ನ ಮಾರುವವರ ವಿಳಾಸವನ್ನೂ ಹಿಂತಿರುಗಿಸುವ ನಿಯಮವನ್ನೂ ಕೇಳಿ, ಬಿಲ್ಲನ್ನು ಪಡೆಯಿರಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು.