ಹೊಣೆ ಯಾರದು?



ಸಾಸ್ತಾನದಲ್ಲಿ ಬಸ್ಸಿಗೆ ಕಾಯುವಾಗ ನಿಮ್ಮಲ್ಲಿ ಹಲವರ ಕೈಯಲ್ಲಿ ಮೊಬೈಲ್ ಇರುತ್ತದೆ. ಅದರ ಮೇಲೆ ಕಂಪೆನಿಯ ಹೆಸರಿದೆ, ಜೋಡಿಸಿದವರ ಹೆಸರಿಲ್ಲ. ಅವರಿಗೆ ಅನ್ಯಾಯವಾದರೆ ಹೊಣೆ ಯಾರದು? ಬನ್ನಿ, ಸ್ವಲ್ಪ ಬಿಡಿಸಿ ನೋಡೋಣ.

2010ರಲ್ಲಿ ಚೀನಾದ ಶೆನ್‌ಜೆನ್ ನಗರದ ಫಾಕ್ಸ್‌ಕಾನ್ ಕಾರ್ಖಾನೆಗಳಲ್ಲಿ ಹಲವು ಯುವ ಕಾರ್ಮಿಕರು ಆತ್ಮಹತ್ಯೆ ಮಾಡಿಕೊಂಡರು. ಆಪಲ್ ಮುಂತಾದ ಕಂಪೆನಿಗಳ ಉಪಕರಣಗಳನ್ನು ತಯಾರಿಸುವ ಸಂಸ್ಥೆ ಅದು. 2012ರಲ್ಲಿ ಫೇರ್ ಲೇಬರ್ ಅಸೋಸಿಯೇಷನ್ ಅಲ್ಲಿ ತಪಾಸಣೆ ನಡೆಸಿದಾಗ, ಕೆಲಸದ ಒತ್ತಡವಿದ್ದ ವಾರಗಳಲ್ಲಿ 60 ಗಂಟೆಗೂ ಮೀರಿದ ದುಡಿಮೆ ಕಂಡುಬಂದಿತು.

ಚೀನಾ ದೂರವೆಂದು ಸುಮ್ಮನಾಗಬೇಡಿ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ಸಂಬಳದ ವಿಷಯದಲ್ಲಿ ರೊಚ್ಚಿಗೆದ್ದರು. ಅವರಲ್ಲಿ ಬಹುಪಾಲು ಜನ ಗುತ್ತಿಗೆದಾರರ ಮೂಲಕ ಸೇರಿದವರು. ಗಾಜು ಒಡೆದದ್ದು, ಬೆಂಕಿ ಹಚ್ಚಿದ್ದು ತಪ್ಪೇ. ಆದರೆ ಕೆಲಸದ ಗಂಟೆಗಳ ನಿರ್ವಹಣೆ ಸರಿಯಿರಲಿಲ್ಲ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಕೆಲವರ ಸಂಬಳ ತಡವಾಗಿತ್ತು ಎಂಬುದನ್ನು ಆಪಲ್ ಕಂಪೆನಿಯೇ ಹೇಳಿತು. ತಪ್ಪು ತಿದ್ದಿಕೊಳ್ಳುವ ತನಕ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದಿಲ್ಲವೆಂದಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು.

ಇಲ್ಲಿರುವುದು ಒಂದು ಸರಪಳಿ: ಹೆಸರಿನ ಕಂಪೆನಿ, ತಯಾರಕ, ಗುತ್ತಿಗೆದಾರ, ಕೊನೆಗೆ ಕಾರ್ಮಿಕ. ಕೇಳಿದರೆ ಪ್ರತಿಯೊಬ್ಬರೂ ಪಕ್ಕದವರತ್ತ ಬೆರಳು ತೋರಿಸಬಹುದು.

ಈ ಸರಪಳಿ ನಮ್ಮ ಕರಾವಳಿಗೆ ಹೊಸದಲ್ಲ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರನ್ನು ನೀವು ಕಂಡಿದ್ದೀರಿ. ಅವರು ಯಾರ ಕೆಲಸಗಾರರು? ಗುತ್ತಿಗೆದಾರನವರೋ, ಬೀಡಿಯ ಕಟ್ಟಿನ ಮೇಲೆ ಹೆಸರಿರುವ ಮಾಲೀಕರವರೋ? 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದಿತು. ಮುಖ್ಯ ಮಾಲೀಕರ ಮೇಲೂ ಹೊಣೆ ಹೊರಿಸಿತು. ಇದನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಮೊಬೈಲಿಗಿಂತ ಎಷ್ಟೋ ಮೊದಲೇ ಬೀಡಿ ಈ ಪಾಠ ಕಲಿಸಿತ್ತು!

ಹಾಗಾದರೆ 'ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ' ಎಂದರೇನು? 2013ರ ಕಂಪೆನಿ ಕಾಯಿದೆಯ 135ನೆಯ ಸೆಕ್ಷನ್ ಪ್ರಕಾರ, ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಶಿಕ್ಷಣ, ಆರೋಗ್ಯ, ಪರಿಸರದಂಥ ಕೆಲಸಗಳಿಗೆ ಖರ್ಚು ಮಾಡಬೇಕು. ನಿಮ್ಮ ಶಾಲೆಗೂ ಈ ಹಣದಿಂದ ಬೆಂಚು, ಕಂಪ್ಯೂಟರ್ ಬರಬಹುದು. ಸಂತೋಷವೇ. ಆದರೆ ತನ್ನದೇ ನೌಕರರಿಗೆ ಮಾತ್ರ ಅನುಕೂಲವಾಗುವ ಖರ್ಚು ಈ ಲೆಕ್ಕಕ್ಕೆ ಸೇರದು. ಕಾರಣ ಸರಳ: ಸಂಬಳ ದಾನವಲ್ಲ, ಸಾಲ. ತೀರಿಸಲೇಬೇಕಾದದ್ದು.

ಇನ್ನು ಮುಂದೆ ಯಾವುದೇ ಕಂಪೆನಿಯ ಉದಾರತೆಯ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಅಲ್ಲಿ ದುಡಿದ ಗಂಟೆಗಳ ಲೆಕ್ಕ ಬರೆಯುವವರು ಯಾರು? ಸಂಬಳ ಯಾವ ದಿನ ಸಿಗುತ್ತದೆ? ತಪ್ಪಾದರೆ ಕಾರ್ಮಿಕ ಯಾರ ಬಾಗಿಲು ತಟ್ಟಬೇಕು? ನಾಳೆ ಕೆಲಸಕ್ಕೆ ಸೇರುವ ದಿನ ಈ ಪ್ರಶ್ನೆಗಳು ನಿಮಗೂ ಬೇಕಾಗುತ್ತವೆ.