ನಲವತ್ತು ದಿನದ ದುಡಿಮೆ, ಕೊನೆಯ ಹನ್ನೆರಡು ಗಂಟೆ

ಹೊಸೂರು, ತಾಳವಾಡಿ ಕಡೆಯ ನಮ್ಮ ಎಷ್ಟೋ ಕೃಷಿಕ ಕುಟುಂಬಗಳಲ್ಲಿ ಹೊಲದ ಬದಿಗೆ ಒಂದು ಕೋಳಿ ಶೆಡ್ಡೂ ಸೇರಿಕೊಂಡಿದೆ. ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ನೀರು, ಕರೆಂಟು, ನಿದ್ದೆಗೆಟ್ಟು ಕಾಯುವ ಕೆಲಸ ನಮ್ಮದು. ನಲವತ್ತು ಗ್ರಾಂ ಆಸುಪಾಸಿನ ಮರಿ ಆರು ವಾರದೊಳಗೆ ಎರಡು ಕಿಲೋ ಮುಟ್ಟುತ್ತದೆ. ಲಾರಿ ಬರುತ್ತದೆ, ತೂಕವಾಗುತ್ತದೆ, ಕಿಲೋಗೆ ಇಷ್ಟೆಂದು ಸಾಕಣೆ ಕೂಲಿ ಕೈ ಸೇರುತ್ತದೆ. "ಆಮೇಲೆ ಮಾಂಸ ಹೇಗಿದ್ದರೇನು, ಅದು ಅಂಗಡಿಯವನ ಪಾಡು" ಎನ್ನುವವರು ನಮ್ಮಲ್ಲಿದ್ದಾರೆ. ಆ ಮಾತು ಪೂರ್ತಿ ಸರಿಯಲ್ಲ. ಮಾಂಸದ ಗುಣದ ಒಂದು ಭಾಗ ತಳಿಯಲ್ಲೇ ನಿರ್ಧಾರವಾಗಿರುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಇನ್ನೊಂದು ಭಾಗ ಕೊನೆಯ ಹನ್ನೆರಡು ಗಂಟೆಗಳಲ್ಲಿ ನಿರ್ಧಾರವಾಗುತ್ತದೆ. ಅದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಈ ಸಲ ಎರಡನ್ನೂ ನೋಡೋಣ.

ಬೆಳೆಸುವುದು ಸೂಜಿಯಲ್ಲ, ತಳಿ

ಬ್ರಾಯ್ಲರ್ ಕೋಳಿಗೆ ಹಾರ್ಮೋನು ಚುಚ್ಚಿ ಊದಿಸುತ್ತಾರೆ ಎಂಬ ನಂಬಿಕೆ ಊರೂರಲ್ಲಿದೆ. ಸಾಕುವವರಿಗೆ ಗೊತ್ತು, ಸಾವಿರಾರು ಕೋಳಿಗೆ ದಿನವೂ ಸೂಜಿ ಹಾಕುವುದು ಆಗುವ ಕೆಲಸವಲ್ಲ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಮೇವಿನಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ.

ನಿಜವಾದ ಕಾರಣ ತಳಿಯ ಆಯ್ಕೆ. ಅಮೆರಿಕದಲ್ಲಿ 1948ರಲ್ಲಿ 'ನಾಳೆಯ ಕೋಳಿ' ಎಂಬ ಸ್ಪರ್ಧೆ ನಡೆಯಿತು. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್ ಎಂಬವರ ಬೆರಕೆ ತಳಿ ಅದರಲ್ಲಿ ಗೆದ್ದಿತು. ಎದೆ ತುಂಬಿಕೊಂಡು ಬೇಗ ಬೆಳೆಯುವ ಕೋಳಿಗಳನ್ನೇ ಆರಿಸಿ ಮರಿ ಮಾಡಿಸುವ ಕೆಲಸ ಆಮೇಲೆ ತಲೆಮಾರಿನಿಂದ ತಲೆಮಾರಿಗೆ ನಡೆದುಬಂತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1957ರ, 1978ರ ಮತ್ತು 2005ರ ತಳಿಗಳನ್ನು ಒಂದೇ ಬಗೆಯ ಮೇವು ಕೊಟ್ಟು ಸಾಕಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56ನೇ ದಿನಕ್ಕೆ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿತು. ಮೇವು ಒಂದೇ, ತಳಿ ಮಾತ್ರ ಬೇರೆ.

ಈ ವೇಗಕ್ಕೆ ಬೆಲೆಯೂ ಇದೆ. ಎದೆಯ ಮಾಂಸದ ಎಳೆಗಳು ಬೇಗ ದಪ್ಪವಾಗುತ್ತವೆ. ಅವುಗಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಅಷ್ಟೇ ವೇಗವಾಗಿ ಹೆಚ್ಚುವುದಿಲ್ಲ. ಉಸಿರು ಸಾಲದೆ ಕೆಲವು ಎಳೆಗಳು ಸಾಯುತ್ತವೆ, ಆ ಜಾಗವನ್ನು ಕೊಬ್ಬು ಮತ್ತು ನಾರು ತುಂಬುತ್ತವೆ. ಎದೆಮಾಂಸದ ಮೇಲೆ ಉದ್ದಕ್ಕೂ ಕಾಣುವ ಬಿಳಿ ಗೆರೆಗಳು ಇದರ ಗುರುತು. ಕೆಲವು ಕೋಳಿಗಳಲ್ಲಿ ಎದೆ ಮರದ ತುಂಡಿನಂತೆ ಗಡುಸಾಗುತ್ತದೆ. ಈ ದೋಷವನ್ನು ಫಿನ್ಲೆಂಡಿನ ವಿಜ್ಞಾನಿಗಳು 2014ರಲ್ಲಿ ವಿವರವಾಗಿ ವರ್ಣಿಸಿದರು. ಇದು ಅಂಟುರೋಗವಲ್ಲ. ಆದರೆ ಅಂಥ ಮಾಂಸದಲ್ಲಿ ಪ್ರೋಟೀನು ಕಡಿಮೆ, ಕೊಬ್ಬು ಹೆಚ್ಚು. ಮಸಾಲೆಯೂ ಸರಿಯಾಗಿ ಹಿಡಿಯುವುದಿಲ್ಲ.

ಮಾಂಸದೊಳಗೆ ಏನಾಗುತ್ತದೆ?

ಈಗ ನಮ್ಮ ಕೈಯಲ್ಲಿರುವ ಭಾಗಕ್ಕೆ ಬರೋಣ. ಜೀವವಿರುವ ಕೋಳಿಯ ಮಾಂಸದಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಕೊಯ್ದ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಮಾಂಸದ ಹುಳಿಯನ್ನು ಅಳೆಯುವ ಪಿಎಚ್ ಏಳರ ಸುಮಾರಿನಿಂದ ಮೆಲ್ಲಗೆ 5.8ರ ಆಸುಪಾಸಿಗೆ ಇಳಿದರೆ ಮಾಂಸ ಹದವಾಗಿರುತ್ತದೆ.

ಕೋಳಿ ಬಿಸಿಲಿಗೆ ಬೆಂದು, ಹೆದರಿ, ರೆಕ್ಕೆ ಬಡಿದು ಒದ್ದಾಡಿದ್ದರೆ ಮೈ ಇನ್ನೂ ಬಿಸಿಯಾಗಿರುವಾಗಲೇ ಈ ಆಮ್ಲ ಥಟ್ಟನೆ ಏರುತ್ತದೆ. ಬಿಸಿ ಮತ್ತು ಹುಳಿ ಒಟ್ಟಿಗೆ ಸೇರಿದರೆ ಮಾಂಸ ನೀರು ಹಿಡಿದುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಆಗ ಅದು ಬಿಳಚಿಕೊಂಡು, ಮೆತ್ತಗಾಗಿ, ನೀರು ಬಿಡುತ್ತದೆ. ಬೇಯಿಸಿದರೆ ಒಣಗಿದ ಹತ್ತಿಯಂತಾಗುತ್ತದೆ. ಬಹಳ ಹೊತ್ತು ಉಪವಾಸವಿದ್ದು ದಣಿದ ಕೋಳಿಯಲ್ಲಿ ಇದಕ್ಕೆ ತದ್ವಿರುದ್ಧ. ದಾಸ್ತಾನು ಮೊದಲೇ ಖರ್ಚಾಗಿರುವುದರಿಂದ ಆಮ್ಲ ಸಾಕಷ್ಟು ಹುಟ್ಟುವುದಿಲ್ಲ. ಮಾಂಸ ಕಪ್ಪಾಗಿ ಉಳಿದು ಬೇಗ ಕೆಡುತ್ತದೆ.

ಮೇವು ನಿಲ್ಲಿಸುವ ಲೆಕ್ಕ

ಕೊಯ್ಯುವುದಕ್ಕೆ 8ರಿಂದ 12 ಗಂಟೆ ಮೊದಲು ಮೇವು ನಿಲ್ಲಿಸಬೇಕು ಎಂಬುದು ಸಂಶೋಧನೆಯಿಂದ ತಿಳಿದ ಹದ. ಹಿಡಿಯುವುದು, ಲಾರಿಯ ದಾರಿ, ಅಂಗಡಿಯ ಪಂಜರದಲ್ಲಿ ಕಾಯುವುದು ಎಲ್ಲವೂ ಈ ಲೆಕ್ಕದೊಳಗೇ ಸೇರಬೇಕು. ಮೇವು ಬಿಟ್ಟ ಕೋಳಿ ಗಂಟೆಗೆ 5ರಿಂದ 10 ಗ್ರಾಂ ತೂಕ ಕಳೆದುಕೊಳ್ಳುವುದರಿಂದ, ತೂಕ ಬರಲೆಂದು ಲಾರಿ ಬರುವ ತನಕ ಮೇವು ಸುರಿಯುವ ಆಸೆ ಯಾರಿಗಾದರೂ ಬರಬಹುದು. ಆದರೆ ತುಂಬಿದ ಕರುಳು ಕೊಯ್ಯುವಾಗ ಒಡೆದರೆ ಹೊಲಸು ಮಾಂಸದ ಮೇಲೆ ಬೀಳುತ್ತದೆ, ರೋಗಾಣುಗಳು ಅಲ್ಲಿಗೆ ಸೇರುತ್ತವೆ. 12 ಗಂಟೆ ಮೀರಿದರೂ ತೊಂದರೆಯೇ. ಕರುಳಿನ ಗೋಡೆ ಸಡಿಲವಾಗಿ ಸುಲಭವಾಗಿ ಹರಿಯುತ್ತದೆ, ಹಸಿದ ಕೋಳಿ ನೆಲದ ಹೊಟ್ಟನ್ನೇ ಕುಕ್ಕಿ ತಿನ್ನುತ್ತದೆ. ನೀರನ್ನು ಮಾತ್ರ ಹಿಡಿಯಲು ಶುರುಮಾಡುವ ತನಕ ನಿಲ್ಲಿಸಬಾರದು. ಲಾರಿ ಎಷ್ಟು ಗಂಟೆಗೆ ಬರುತ್ತದೆ ಎಂದು ಮೇಲ್ವಿಚಾರಕರಿಂದ ಮೊದಲೇ ಖಚಿತಪಡಿಸಿಕೊಳ್ಳಿರಿ.

ಹಿಡಿಯುವುದು, ಸಾಗಿಸುವುದು

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಅದರ ಮೈ ಬಿಸಿ ಸಹಜವಾಗಿಯೇ 41 ಡಿಗ್ರಿ ಸೆಲ್ಸಿಯಸ್ ಸುಮಾರು. ಬಿಸಿಲಲ್ಲಿ ಬಾಯ್ದೆರೆದು ತೇಕುವುದೇ ಅದಕ್ಕಿರುವ ಮುಖ್ಯ ಉಪಾಯ. ತಪಸ್ಸುಕಾಲ ಮುಗಿದು ಪಾಸ್ಕ ಹಬ್ಬಕ್ಕೆ ಬೇಡಿಕೆ ಏರುವುದೂ ಬಿಸಿಲು ಏರುವುದೂ ಒಂದೇ ಹೊತ್ತಿಗೆ. ಆದ್ದರಿಂದ ರಾತ್ರಿ ಅಥವಾ ನಸುಕಿನಲ್ಲಿ, ಮಂದ ಬೆಳಕಿನಲ್ಲಿ ಕೋಳಿ ಹಿಡಿಯುವುದು ಒಳ್ಳೆಯದು. ಮಂದ ಬೆಳಕಿನಲ್ಲಿ ಅವು ಹೆದರಿ ಚದರುವುದಿಲ್ಲ. ರೆಕ್ಕೆ ಹಿಡಿದು ಎತ್ತಬೇಡಿ, ಒಂದೇ ಕಾಲಿನಲ್ಲಿ ತೂಗಾಡಿಸಬೇಡಿ, ಕ್ರೇಟಿನೊಳಗೆ ಎಸೆಯಬೇಡಿ. ಬೇಸಿಗೆಯಲ್ಲಿ ಕ್ರೇಟಿಗೆ ಒಂದೆರಡು ಕೋಳಿ ಕಡಿಮೆ ತುಂಬಿಸಿ, ಸಾಲುಗಳ ನಡುವೆ ಗಾಳಿಯಾಡಲು ಜಾಗ ಬಿಡಿಸಿರಿ. ತುಂಬಿದ ಲಾರಿ ಬಿಸಿಲಲ್ಲಿ ನಿಲ್ಲದಂತೆ ನೋಡಿಕೊಳ್ಳಿರಿ.

ಪೆಟ್ಟು ಬಿದ್ದ ಕಡೆ ರಕ್ತ ಹೆಪ್ಪುಗಟ್ಟುತ್ತದೆ. ಹೊಸ ಪೆಟ್ಟು ಕೆಂಪಗಿರುತ್ತದೆ. ಹಸಿರು ಬಣ್ಣಕ್ಕೆ ತಿರುಗಲು ಸುಮಾರು ಒಂದು ದಿನ ಬೇಕು. ಪೆಟ್ಟು ಶೆಡ್ಡಿನಲ್ಲಿ ಮೊದಲೇ ಬಿದ್ದದ್ದೋ, ಹಿಡಿಯುವಾಗ ಮತ್ತು ಸಾಗಿಸುವಾಗ ಬಿದ್ದದ್ದೋ ಎಂಬುದನ್ನು ಆ ಬಣ್ಣವೇ ಹೇಳುತ್ತದೆ. ತಪ್ಪು ಯಾರದೆಂಬ ಮಾತು ಬಂದಾಗ ಇದು ನೆನಪಿರಲಿ.

ಔಷಧಿಯ ಪುಸ್ತಕ

ಪ್ರತಿಜೀವಕ ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಕೋಳಿ ಮಾರಬಾರದು ಎಂಬ ಅವಧಿ ಇರುತ್ತದೆ. ಅದನ್ನು ಮೀರಿದರೆ ಔಷಧಿಯ ಅಂಶ ಮಾಂಸದಲ್ಲಿ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯುವುದು. ಬೇರೆ ಮದ್ದು ನಾಟದಾಗ ವೈದ್ಯರು ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್‌ಗೆ ಬಗ್ಗದ ಗುಣ ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲದು ಎಂಬುದು 2015ರಲ್ಲಿ ಚೀನಾದಿಂದ ವರದಿಯಾಯಿತು. ಭಾರತ ಸರ್ಕಾರ 2019ರ ಜುಲೈಯಲ್ಲಿ ಕೋಳಿ ಮತ್ತು ಇತರ ಆಹಾರ ಪ್ರಾಣಿಗಳಿಗೆ ಈ ಔಷಧಿಯನ್ನು ನಿಷೇಧಿಸಿತು. ನೀರಿನ ತೊಟ್ಟಿಗೆ ಹಾಕಲು ಕೊಟ್ಟ ಪುಡಿ ಯಾವುದು, ಎಂದು ಶುರು, ಎಂದು ಮುಕ್ತಾಯ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೆಸರಿಲ್ಲದ ಪೊಟ್ಟಣ ಬಂದರೆ ಹೆಸರು ಕೇಳಿ.

ಅಡುಗೆ ಮನೆಯಲ್ಲಿ

ತಾಯಂದಿರಿಗೂ ಅಕ್ಕತಂಗಿಯರಿಗೂ ಒಂದು ಮಾತು. ಹಸಿ ಕೋಳಿಯ ಮೇಲೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಅವು ಸಾಯುವುದಿಲ್ಲ; ಹನಿಗಳ ಜೊತೆ ಹಾರಿ ಪಾತ್ರೆ, ಸೊಪ್ಪು, ಹಣ್ಣಿನ ಮೇಲೆ ಕೂರುತ್ತವೆ. ತೊಳೆಯಲೇಬೇಕೆಂದರೆ ಪಾತ್ರೆಯೊಳಗೆ ನೀರು ಚಿಮ್ಮದಂತೆ ತೊಳೆದು, ಆ ಜಾಗವನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ಮಾಂಸ ಕೊಯ್ದ ಚಾಕುವಿನಲ್ಲಿ ಹಾಗೆಯೇ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ. ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿದರೆ ರೋಗಾಣು ಉಳಿಯುವುದಿಲ್ಲ; ಸಾರಿನಲ್ಲಿ ಚೆನ್ನಾಗಿ ಕುದಿದ ತುಂಡಿಗೆ ಭಯವಿಲ್ಲ. ಕೆಂಡದ ಮೇಲೆ ಸುಡುವಾಗ ಮಾತ್ರ ಹೊರಗೆ ಕರಿದು ಒಳಗೆ ಹಸಿಯಾಗಿ ಉಳಿಯಬಹುದು. ಎಳೆಯ ಕೋಳಿಯ ಮೂಳೆಯ ಸುತ್ತ ಬೆಂದ ಮೇಲೂ ಕೆಂಪು ಉಳಿಯುವುದುಂಟು. ಅದು ಮಜ್ಜೆಯ ಬಣ್ಣವೂ ಆಗಿರಬಹುದು, ಆದ್ದರಿಂದ ಬಣ್ಣವೊಂದನ್ನೇ ನಂಬಬಾರದು.

ಮರಿಯ ತಳಿ, ಮೇವಿನ ಚೀಲ, ಮಾರುಕಟ್ಟೆಯ ದರ ನಮ್ಮ ಮಾತು ಕೇಳುವುದಿಲ್ಲ. ಮೇವು ನಿಲ್ಲಿಸುವ ಹೊತ್ತು, ಹಿಡಿಯುವ ಕೈ, ಔಷಧಿಯ ಪುಸ್ತಕ ನಮ್ಮವು. ನಲವತ್ತು ದಿನ ಕಣ್ಣಿಟ್ಟು ಬೆಳೆಸಿದ್ದನ್ನು ಒಂದು ರಾತ್ರಿಯ ಅವಸರದಲ್ಲಿ ಕೆಡಿಸಿದರೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಗುತ್ತದೆ. ಮುಂದಿನ ಬ್ಯಾಚು ಹೊರಡುವ ದಿನ ಇವಿಷ್ಟನ್ನು ನಡೆಸಿ ನೋಡಿರಿ, ಪಕ್ಕದ ಶೆಡ್ಡಿನವರಿಗೂ ಹೇಳಿರಿ.